ಮುನಿರತ್ನಮ್ಮ ಮಿಸ್ ವೆಬ್‌ಸೈಟು ಮುಚ್ಚಿದ್ದ ಐದು ದಿನ

ಎಲ್ಲ ಸರಿಹೋದ ಮೇಲೆ ಬರೆಯುತ್ತಿದ್ದೇನೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಐದು ದಿನಗಳಿಗೆ ನನ್ನ ಡೈರಿಯಲ್ಲಿ ಒಂದೊಂದೇ ಸಾಲು ಇದೆ. ಶುಕ್ರವಾರ, 'ಸೈಟು ಬಂದ್. ಮಿಸ್‌ಗೆ ಹೇಗೆ ಹೇಳಲಿ.' ಶನಿವಾರ, 'ಡೆಂಕಣಿಕೋಟೆ. ಮಗುವಿಗೆ ಬಿಸಿಲು.' ಭಾನುವಾರ ಬರೀ ಲೆಕ್ಕದ ಅಂಕಿಗಳು. ಈಗ ಮಗಳು ಸಿಂಚನಾ ಮಲಗಿದ್ದಾಳೆ, ಬೇಳೆ ಕುಕ್ಕರಿನಲ್ಲಿದೆ. ಆ ಸಾಲುಗಳ ನಡುವೆ ಬಿಟ್ಟುಹೋದದ್ದನ್ನು ತುಂಬಿಸಲು ಮುಕ್ಕಾಲು ಗಂಟೆಯಾದರೂ ಸಿಗಬಹುದು.

ಮುನಿರತ್ನಮ್ಮ ಮಿಸ್ ನಮ್ಮ ಎದುರು ಮನೆಯವರು. ತಮಿಳುನಾಡಿನ ಹೊಸೂರು ಪಕ್ಕದ ಮೂಕಂಡಪಲ್ಲಿಯ ಈ ವಠಾರದಲ್ಲಿ ಎಂಟು ಮನೆಗಳಿವೆ, ಆರರಲ್ಲಿ ಕಾರ್ಖಾನೆ ಕೆಲಸದವರು. ನನ್ನ ಗಂಡ ರಘುನಾಥ್ ಕೂಡ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದಾರೆ. ನಾವು ಮಾಲೂರು ಕಡೆಯಿಂದ ಬಂದು ಮೂರು ವರ್ಷವಾಯಿತು, ಅಷ್ಟರಲ್ಲಿ ಮೂರು ಮನೆ ಬದಲಾಯಿಸಿದ್ದೇವೆ. ಮಿಸ್ ಮಾತ್ರ ಇಲ್ಲಿಯವರೇ. ಡೆಂಕಣಿಕೋಟೆ ಹತ್ತಿರ ಅವರ ತಂದೆ ಲಕ್ಷ್ಮಣಪ್ಪನವರ ರಾಗಿ ಹೊಲ. ಮನೆಯಲ್ಲಿ ಕನ್ನಡ, ಕೂಲಿಯವರ ಜೊತೆ ತೆಲುಗು, ಸಂತೆಯಲ್ಲಿ ತಮಿಳು. ಹತ್ತನೆಯವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಆಮೇಲೆ ಕೃಷ್ಣಗಿರಿಯ ಕಾಲೇಜಿಗೆ ಹೋದರಂತೆ. ಮೊದಲ ವಾರವೇ ಲ್ಯಾಬಿನಲ್ಲಿ ಮೇಷ್ಟ್ರು ತಮಿಳಿನಲ್ಲಿ 'ವಿಲ್ಲೈ' ತಗೊಂಡು ಬಾ ಎಂದರು. ಪುಸ್ತಕದಲ್ಲಿ ಅದಕ್ಕೆ 'ಲೆನ್ಸ್' ಎಂದಿತ್ತು. ಇವರಿಗೆ ಗೊತ್ತಿದ್ದದ್ದು 'ಮಸೂರ'. ಮೂರೂ ಒಂದೇ ಗಾಜಿನ ತುಂಡಿನ ಹೆಸರು ಎಂದು ತಿಳಿಯಲು ಅರ್ಧ ದಿನ ಹಿಡಿಯಿತು, ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದೆ ಎಂದು ಮಿಸ್ ಹೇಳುತ್ತಾರೆ. ನಗುತ್ತಲೇ ಹೇಳುತ್ತಾರೆ, ಆದರೆ ಆ ಬಾಗಿಲನ್ನು ಅವರು ಮರೆತಿಲ್ಲ.

ಈಗ ಡೆಂಕಣಿಕೋಟೆಯ ಕಡೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೀಡಿಯಮ್ಮಿನ ಹತ್ತನೆಯ ತರಗತಿಗೆ ವಿಜ್ಞಾನ ಹೇಳಿಕೊಡುತ್ತಾರೆ. ಹತ್ತೊಂಬತ್ತು ಮಕ್ಕಳು. ದಿನಾ ಹೊಸೂರಿಗೆ ಹೋಗಿ ಬಸ್ಸು ಬದಲಾಯಿಸಿ ಹೋಗಬೇಕು. ಕಾಡಿನ ಪಕ್ಕದ ರಸ್ತೆಯಲ್ಲಿ ಆನೆ ಅಡ್ಡ ನಿಂತರೆ ಬಸ್ಸು ಅಲ್ಲೇ ನಿಲ್ಲುತ್ತದೆ. ಬೇರೆಯವರು ಕಿಟಕಿಗೆ ಮುಗಿಬಿದ್ದರೆ ಇವರು ಚೀಲದಿಂದ ಉತ್ತರ ಪತ್ರಿಕೆ ತೆಗೆದು ತಿದ್ದುತ್ತಾರೆ. "ಆನೆ ನಂಗೇನ್ ಹೊಸ್ದಾ? ನಮ್ಮಪ್ಪನ ರಾಗಿ ತಿಂದಿರೋವೇ ಅವು" ಎನ್ನುತ್ತಾರೆ.

ಪಾಠಗಳು ಬದಲಾದ ವರ್ಷ ಕನ್ನಡದ ಪುಸ್ತಕ ಮಕ್ಕಳ ಕೈಗೆ ಬರುವುದು ತಡವಾಯಿತು. ಮಿಸ್ ತಮಿಳು ಪುಸ್ತಕವನ್ನು ಮುಂದಿಟ್ಟುಕೊಂಡು ತಾವೇ ನೋಟ್ಸ್ ಬರೆದರು. ಐವತ್ತೆಂಟು ಪುಟ, ಚಿತ್ರಗಳೂ ಸೇರಿ. ಪ್ರತಿ ಹೊಸ ಪದಕ್ಕೂ ಕನ್ನಡ, ಇಂಗ್ಲಿಷ್, ತಮಿಳು ಮೂರನ್ನೂ ಬರೆದರು, ಮುಂದೆ ಯಾರೂ ಬಾಗಿಲಲ್ಲಿ ನಿಲ್ಲಬಾರದೆಂದು. ಪುಸ್ತಕ ಬಂದ ಮೇಲೂ ಮಕ್ಕಳು ನೋಟ್ಸನ್ನು ಬಿಡಲಿಲ್ಲ. ಬಾಗಲೂರು, ತಳಿ, ಗುಮ್ಮಳಾಪುರ ಕಡೆಯ ಕನ್ನಡ ಶಾಲೆಗಳಿಂದಲೂ ಕೇಳಿ ಕಳುಹಿಸುತ್ತಿದ್ದರು. ಮಿಸ್ ಜೆರಾಕ್ಸ್ ಮಾಡಿಸಿ, ಕಟ್ಟು ಕಟ್ಟಿ, ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳುಹಿಸುತ್ತಿದ್ದರು. ಅರ್ಧ ಕಟ್ಟುಗಳು ತಲುಪುತ್ತಿದ್ದವು. ಉಳಿದ ಅರ್ಧ ಯಾವ ಸೀಟಿನ ಕೆಳಗೆ ಹೋದವೋ.

ಇಲ್ಲಿ ನಾನು ತಲೆ ಹಾಕಿದೆ. ಸಿಂಚನಾ ಹುಟ್ಟುವ ಮೊದಲು ಹೊಸೂರಿನಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಸ್ಕ್ಯಾನ್ ಮಾಡುವುದು, ವೆಬ್ ಪುಟ ಕಟ್ಟುವುದು ಅಷ್ಟಿಷ್ಟು ಗೊತ್ತು. ಫೆಬ್ರವರಿಯಲ್ಲಿ ಸೈಟಿಗೆ ಬಿಟ್ಟಿ ಜಾಗ ಕೊಡುವ ಅಮೆರಿಕದ ಒಂದು ಹೋಸ್ಟಿಂಗಿನಲ್ಲಿ ಜಾಗ ಹಿಡಿದು ಮಿಸ್ ಹೆಸರಲ್ಲಿ ಸೈಟು ಮಾಡಿದೆ. ಕನ್ನಡದಲ್ಲಿ ಟೈಪ್ ಮಾಡಿ ಹಾಕಿದರೆ ಈ ಕಡೆಯ ಬ್ರೌಸಿಂಗ್ ಸೆಂಟರುಗಳ ಹಳೆಯ ಕಂಪ್ಯೂಟರುಗಳಲ್ಲಿ ಅಕ್ಷರದ ಬದಲು ಬರೀ ಡಬ್ಬಿಗಳು ಕಾಣುತ್ತವೆ. ಹಾಗಾಗಿ ಮಿಸ್ಸಿನ ಕೈಬರಹವನ್ನೇ ಚಿತ್ರಗಳಾಗಿ ಹಾಕಿದೆ. ಮುಖಪುಟದಲ್ಲಿ ಮಿಸ್ ಮತ್ತು ಹತ್ತೊಂಬತ್ತು ಮಕ್ಕಳ ಫೋಟೋ ಇಟ್ಟೆ, ರಘು ಅವರ ಸ್ನೇಹಿತರ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಕೆಳಗೆ ಎಷ್ಟು ಸಲ ಪುಟ ತೆರೆಯಿತು ಎಂದು ತೋರಿಸುವ ಒಂದು ಕೌಂಟರ್. ಎಲ್ಲ ಮುಗಿದ ಮೇಲೆ ದೊಡ್ಡದಾಗಿ ಹೇಳಿದೆ, ಈ ವರ್ಷದಿಂದ ಜೆರಾಕ್ಸ್ ಬೇಡ ಮಿಸ್, ಯಾವ ಊರಿನ ಮಕ್ಕಳಾದರೂ ನೋಡಿಕೊಳ್ಳಲಿ ಎಂದು. ಮಿಸ್ ನನ್ನ ಮಾತು ನಂಬಿ ಈ ಸಲ ಒಂದೂ ಕಟ್ಟು ಮಾಡಿಸಲಿಲ್ಲ.

ದಿನಾ ಸಂಜೆ ಬಸ್ಸಿಳಿದು ಬಂದವರೇ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಇವತ್ತು ಎಷ್ಟಾಯಿತು ಎಂದು ಕೇಳುತ್ತಿದ್ದರು. ಕೌಂಟರು ಮಾರ್ಚ್ ಮೊದಲ ವಾರ ಏಕಾಏಕಿ ಓಡತೊಡಗಿತು. ಇನ್ನೂರು, ಮುನ್ನೂರೈವತ್ತು, ಐನೂರು. ಗುರುವಾರ ಏಳುನೂರು ದಾಟಿದಾಗ ಮಿಸ್ ಮಗುವನ್ನು ಎತ್ತಿಕೊಂಡು ಸುಮ್ಮನೆ ಪರದೆ ನೋಡುತ್ತ ನಿಂತುಬಿಟ್ಟರು. "ಏಳ್ನೂರ್ ಮಕ್ಳು ಕನ್ನಡದಲ್ಲಿ ಸೈನ್ಸ್ ಓದೋರು ಅವ್ರಾ ಇಲ್ಲಿ? ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ" ಎಂದರು.

ಶುಕ್ರವಾರ ಬೆಳಿಗ್ಗೆ ನೋಡಿದರೆ ಸೈಟು ಇಲ್ಲ. ಬಿಳಿ ಪುಟದ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು, ಈ ಸೈಟಿನ ಬ್ಯಾಂಡ್‌ವಿಡ್ತ್ ಮಿತಿ ಮೀರಿದೆ ಎಂದು. ಬಿಟ್ಟಿ ಜಾಗ ಕೊಡುವವರು ತಿಂಗಳಿಗೆ ಇಷ್ಟೇ ಎಂದು ಅಳೆದು ಕೊಡುತ್ತಾರೆ. ನಮಗಿದ್ದದ್ದು ಒಂದು ಜಿಬಿ, ಅಂದರೆ ಸುಮಾರು ಸಾವಿರ ಎಂಬಿ. ಯಾರು ಒಂದು ಪುಟ ತೆರೆದರೂ ಆ ಪುಟದ ತೂಕದಷ್ಟು ಅದರಿಂದ ಕಳೆಯುತ್ತದೆ. ನಮ್ಮ ವಠಾರದ ಟ್ಯಾಂಕಿನ ಹಾಗೆ, ಖಾಲಿಯಾದರೆ ಎಂಟೂ ಮನೆಯ ನಲ್ಲಿ ಒಟ್ಟಿಗೆ ನಿಲ್ಲುತ್ತದೆ. ಮತ್ತೆ ತುಂಬುವುದು ಒಂದನೇ ತಾರೀಕಿಗೆ. ಪಬ್ಲಿಕ್ ಪರೀಕ್ಷೆ ಮಾರ್ಚ್ ಕೊನೆಯ ವಾರ.

ಮಿಸ್‌ಗೆ ಹೇಳುವ ಮೊದಲು ಲೆಕ್ಕ ಹಾಕಿ ನೋಡಿದೆ. ಐವತ್ತೆಂಟೂ ಪುಟ ಸೇರಿದರೆ ಆರು ಎಂಬಿ ಹತ್ತಿರ. ನೂರು ಮಕ್ಕಳು ಪೂರ್ತಿ ನೋಡಿದರೂ ಆರುನೂರು ಎಂಬಿ. ತಿಂಗಳ ಎಂಟೇ ದಿನಕ್ಕೆ ಮುಗಿದದ್ದು ಹೇಗೆ? ಸೈಟು ಮುಚ್ಚಿದ್ದರೂ ಅದರ ಕಂಟ್ರೋಲ್ ಪ್ಯಾನಲ್ ತೆರೆಯುತ್ತಿತ್ತು. ಯಾವ ಕಡತ ಎಷ್ಟು ಸಲ ಹೋಗಿದೆ ಎಂಬ ಪಟ್ಟಿ ಅಲ್ಲಿತ್ತು. ನೋಟ್ಸಿನ ಪುಟಗಳು ಒಂದೊಂದೂ ನಲವತ್ತು, ನಲವತ್ತೊಂದು ಸಲ. ಮುಖಪುಟದ ಫೋಟೋ ಆರುನೂರ ಎಂಬತ್ತು ಸಲ. ಆ ಫೋಟೋದ ತೂಕ ನೋಡಿದೆ. ಒಂದು ಎಂಬಿಗೂ ಹೆಚ್ಚು. ಪುಟದಲ್ಲಿ ಅಂಗೈಯಗಲ ಕಾಣುವ ಹಾಗೆ ಮಾಡಿದ್ದೆನೇ ಹೊರತು ಫೋಟೋವನ್ನೇ ಚಿಕ್ಕದು ಮಾಡಿರಲಿಲ್ಲ. ಕಾಣುವುದು ಅಂಗೈಯಗಲ, ಹೋಗುವುದು ಗೋಡೆಯಗಲ. ಡಿಟಿಪಿ ಅಂಗಡಿಯಲ್ಲಿ ಎರಡು ವರ್ಷ ಕೂತವಳು ಮಾಡಬಾರದ ತಪ್ಪು.

ಸಂಜೆ ಮಿಸ್ ಬರುವಷ್ಟರಲ್ಲಿ ಶಾಲೆಯಲ್ಲೇ ಸುದ್ದಿ ತಿಳಿದಿತ್ತು. ಎಲ್ಲ ಹೇಳಿ, ತಪ್ಪು ನನ್ನದು ಮಿಸ್ ಎಂದೆ.

"ತಪ್ಪು ಆಮೇಲ್ ನೋಡಾನ. ಮತ್ತೆ ಯಾವಾಗ ತೆಗೀತದೆ?"

"ಒಂದನೇ ತಾರೀಕು."

"ಅಷ್ಟೊತ್ಗೆ ಪರೀಕ್ಷೆ ಶುರುವಾಗಿರ್ತದಲ್ಲಮ್ಮ."

ಬೈದಿದ್ದರೆ ವಾಸಿ ಇತ್ತು. ಕುರ್ಚಿ ಎಳೆದುಕೊಂಡು, ಆ ಪಟ್ಟಿ ತೋರಿಸು ಎಂದು ಕನ್ನಡಕ ಹಾಕಿಕೊಂಡರು. ಫೋಟೋ ಯಾವ ಹೊತ್ತಿಗೆ ಹೋಗಿದೆ ಎಂಬ ಸಾಲುಗಳು ಅಮೆರಿಕದ ಗಂಟೆಯಲ್ಲಿದ್ದವು. ಮಿಸ್ ಮನಸ್ಸಿನಲ್ಲೇ ಕೂಡಿಸಿ ಒಂದು ಕಾಗದದ ಮೇಲೆ ನಮ್ಮ ಗಂಟೆಗೆ ಬರೆದುಕೊಳ್ಳುತ್ತ ಹೋದರು. ನನಗೆ ಕಾಣದ್ದು ಅವರಿಗೆ ಕಂಡಿತು. ಒಂದೇ ನಿಮಿಷದಲ್ಲಿ ಎಂಟು ಸಲ. ಬೆಳಿಗ್ಗೆ ಹತ್ತಕ್ಕೆ ಎಂಟು. ಹನ್ನೆರಡೂವರೆಗೆ ಎಂಟು. ಎರಡೂ ಕಾಲಿಗೆ ಮತ್ತೆ ಎಂಟು. ನಡುವೆ ಬಿಡಿಬಿಡಿಯಾಗಿ ಒಂದೊಂದು.

ಮಿಸ್ ಪೆನ್ನು ಕೆಳಗಿಟ್ಟರು. ಹನ್ನೆರಡೂವರೆ ಮತ್ತು ಎರಡೂ ಕಾಲು ಡೆಂಕಣಿಕೋಟೆಯಲ್ಲಿ ಕರೆಂಟು ಹೋಗಿ ವಾಪಸ್ಸು ಬರುವ ಹೊತ್ತು, ತರಗತಿಯ ಫ್ಯಾನು ತಿರುಗತೊಡಗುವುದು ಆಗಲೇ ಎಂದರು. ಅಲ್ಲಿ ಎಂಟು ಕಂಪ್ಯೂಟರು ಒಟ್ಟಿಗೆ ಇರುವುದು ಒಂದೇ ಜಾಗದಲ್ಲಿ. ವೆಂಕಿಯ ಬ್ರೌಸಿಂಗ್ ಸೆಂಟರು. ವೆಂಕಿ ಹನ್ನೆರಡು ವರ್ಷದ ಹಿಂದೆ ಅವರ ಬಳಿ ಓದಿದವನು.

ಶನಿವಾರ ಮಿಸ್‌ಗೆ ಸ್ಪೆಷಲ್ ಕ್ಲಾಸ್ ಇತ್ತು. ನಾನೂ ಮಗುವನ್ನು ಎತ್ತಿಕೊಂಡು ಅವರ ಜೊತೆ ಬಸ್ಸು ಹತ್ತಿದೆ. ಕ್ಲಾಸು ಮುಗಿಸಿ ವೆಂಕಿಯ ಅಂಗಡಿಗೆ ಹೋಗುವಾಗ ಹನ್ನೆರಡು ದಾಟಿತ್ತು, ಕರೆಂಟು ಇರಲಿಲ್ಲ. ಅವನು ಹೊರಗೆ ಸ್ಟೂಲು ಹಾಕಿಕೊಂಡು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದವನು ಮಿಸ್ಸನ್ನು ಕಂಡು ಎದ್ದು ನಿಂತ. ಒಳಗಿನಿಂದ ಎರಡು ಕುರ್ಚಿ ತಂದ, ಮಗುವಿಗೆ ಬಿಸ್ಕತ್ತಿನ ಪೊಟ್ಟಣ ತರಿಸಿದ. ಸೈಟು ಯಾಕೆ ಬರುತ್ತಿಲ್ಲ ಎಂದು ಅವನೇ ಮೊದಲು ಕೇಳಿದ, ನಿನ್ನೆಯಿಂದ ಮನಸ್ಸಿಗೆ ಸಮಾಧಾನವೇ ಇಲ್ಲ ಎಂದ. ತನ್ನ ನೆಟ್ಟೂ ಹತ್ತು ದಿನದಿಂದ ಎಳೆಯುತ್ತಿರಲಿಲ್ಲ, ಗಿರಾಕಿಗಳು ಬೈದು ಎದ್ದು ಹೋಗುತ್ತಿದ್ದರು, ಅದು ಮಾತ್ರ ನಿನ್ನೆಯಿಂದ ಯಾಕೋ ಸರಿಯಾಗಿದೆ ಎಂದ.

ಮಿಸ್ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಕರೆಂಟು ಬಂತು. ಎಂಟು ಕಂಪ್ಯೂಟರುಗಳು ಒಂದರ ಹಿಂದೊಂದು ಎದ್ದವು. ಎಂಟರಲ್ಲೂ ಯಾರೂ ಮುಟ್ಟದೆ ಒಂದೇ ಪುಟ ತಾನಾಗಿ ತೆರೆಯಿತು. ಮಿತಿ ಮೀರಿದೆ ಎನ್ನುವ ನಮ್ಮ ಬಿಳಿ ಪುಟ.

"ಲೋ ವೆಂಕಿ, ಇದೇನ್ಲಾ ಇದು?"

"ಹೋಮ್ ಪೇಜ್ ಮಾಡ್ಬುಟ್ಟಿದ್ದೀನಿ ಮಿಸ್, ಎಂಟ್ರಲ್ಲೂ. ಬೆಳಿಗ್ಗೆ ಬಾಗ್ಲು ತೆಗ್ದು ಊದ್‌ಬತ್ತಿ ಹಚ್ಚಿ ಸಿಸ್ಟಂ ಆನ್ ಮಾಡುದ್ರೆ ಮೊದ್ಲು ನಿಮ್ ಮುಖಾನೇ ಬರ್ಬೇಕು ಅಂತ."

"ನಾನೇನ್ ದೇವ್ರಾ, ಊದ್‌ಬತ್ತಿ ಹಚ್ಚಕ್ಕೆ?"

"ಹಂಗಲ್ಲ ಮಿಸ್. ಯಾರ್ ಬಂದ್ ಕೂತ್ರೂ ನೋಡ್ಲಿ, ನಮ್ ಮಿಸ್ ಅಂತ ಗೊತ್ತಾಗ್ಲಿ ಅಂತ. ಕೌಂಟರ್ ನೋಡುದ್ರಾ, ಹೆಂಗ್ ಓಡ್ತಿತ್ತು?"

ಮಿಸ್ ಫೆಬ್ರವರಿ ಕೊನೆಗೆ ಅವನಿಗೆ ವಿಳಾಸ ಕೊಟ್ಟಿದ್ದರಂತೆ, ಸಿಸ್ಟಂ ಆನ್ ಆದೊಡನೆ ಬ್ರೌಸರು ತಾನೇ ತೆರೆದು ನಮ್ಮ ಪುಟ ಬರುವ ಹಾಗೆ ಅವತ್ತೇ ಮಾಡಿದ್ದನಂತೆ. ಪ್ರತಿ ಗಿರಾಕಿ ಎದ್ದು ಹೋದಾಗ ಬ್ರೌಸರು ಮುಚ್ಚಿ ತೆರೆಯುತ್ತಾನೆ, ಆಗ ಒಂದು ಸಲ. ಕರೆಂಟು ಬಂದಾಗಲೆಲ್ಲ ಎಂಟು ಸಲ. ಒಮ್ಮೆ ತಂದ ಫೋಟೋವನ್ನು ಕಂಪ್ಯೂಟರು ಇಟ್ಟುಕೊಳ್ಳಬೇಕಲ್ಲ ಎಂದು ಕೇಳಿದೆ. ವೈರಸ್ಸಿನ ಕಾಟಕ್ಕೆ ಆಫ್ ಆದಾಗಲೆಲ್ಲ ಎಲ್ಲ ಅಳಿಸಿಹೋಗುವ ಸಾಫ್ಟ್‌ವೇರು ಹಾಕಿದ್ದಾನಂತೆ, ಬ್ರೌಸರು ಮುಚ್ಚಿದರೂ ಹಾಗೆಯೇ. ಹಾಗಾಗಿ ಪ್ರತಿ ಸಲವೂ ಆ ಗೋಡೆಯಗಲದ ಫೋಟೋ ಅಮೆರಿಕದಿಂದ ಹೊಸದಾಗಿ ಬರುತ್ತಿತ್ತು. ನಮ್ಮ ಟ್ಯಾಂಕೂ ಖಾಲಿ, ಅವನ ನೆಟ್ಟೂ ನಿಧಾನ.

ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. "ಅಯ್ಯೋ ಮಿಸ್, ಮಕ್ಳು ನೋಟ್ಸ್ ನಾನೇ ತಿಂದ್ಬುಟ್ನಾ?"

ನಾನು ಮಿಸ್ ಮುಖ ನೋಡಲು ಹೆದರುತ್ತಿದ್ದೆ. ಏಳುನೂರು ಮಕ್ಕಳು ಎಂದು ಸ್ಟಾಫ್ ರೂಮಿನಲ್ಲೂ ಹೇಳಿಕೊಂಡಿದ್ದರು. ಅವರು, ಹಾಗಾದರೆ ನಿಜವಾಗಿ ಓದಿದವರು ಎಷ್ಟು ಎಂದು ನನ್ನನ್ನು ಕೇಳಿದರು. ನಲವತ್ತೊಂದು ಎಂದೆ, ಹೆಚ್ಚುಕಡಿಮೆ.

"ನಲ್ವತ್ತೊಂದು ಅಂದ್ರೆ ನನ್ ಕ್ಲಾಸಿನ್ ಎರಡರಷ್ಟು" ಎಂದರು ಮಿಸ್. "ಏಳ್ನೂರು ಅಂದಾಗ್ಲೇ ನಂಗೆ ಅನುಮಾನ. ನಂಬ್ಕೊಂಡೆ, ಚೆನ್ನಾಗಿತ್ತು ಅಂತ." ಆಮೇಲೆ ನಕ್ಕರು. ವೆಂಕಿಯೂ ನಕ್ಕ. ಬಿಸ್ಕತ್ತು ಮೆತ್ತಿದ ಮುಖದಲ್ಲಿ ಸಿಂಚನಾಳೂ ನಕ್ಕಳು. ನನ್ನ ಎದೆಯಿಂದ ಅರ್ಧ ಭಾರ ಅಲ್ಲೇ ಇಳಿಯಿತು. ಯಾರೋ ಕದ್ದದ್ದಲ್ಲ, ಯಾರೋ ಕೆಡಿಸಿದ್ದಲ್ಲ. ಕಾರಣ ಗೊತ್ತಾದ ಮೇಲೆ ಉಳಿಯುವುದು ಬರೀ ಕೆಲಸ.

ಭಾನುವಾರ ರಘು ಮಗುವನ್ನು ನೋಡಿಕೊಂಡರು. ನಾನು ಫೋಟೋವನ್ನು ನಿಜವಾಗಿಯೂ ಚಿಕ್ಕದು ಮಾಡಿದೆ, ಮೂವತ್ತು ಕೆಬಿಗೆ ಇಳಿಯಿತು. ನೋಟ್ಸಿನ ಪುಟಗಳ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿದೆ. ಆರು ಎಂಬಿ ಇದ್ದದ್ದು ಎರಡಾಯಿತು. ಇನ್ನೂರೈವತ್ತು ಮಕ್ಕಳು ಪೂರ್ತಿ ನೋಡಿದರೂ ಅರ್ಧ ಜಿಬಿ.

ಜಾಗ ಯಾವುದು ಎನ್ನುವುದೇ ಉಳಿದ ಪ್ರಶ್ನೆ. ಹಳೆಯ ಕಡೆಯೇ ದುಡ್ಡು ಕಟ್ಟಿ ತೆರೆಸೋಣವೆಂದರೆ ಅವರಿಗೆ ಕ್ರೆಡಿಟ್ ಕಾರ್ಡು ಬೇಕು, ನಮ್ಮ ಎರಡು ಮನೆಯಲ್ಲಿ ಯಾರ ಬಳಿಯೂ ಇಲ್ಲ. ಇನ್ನೊಂದು ಬಿಟ್ಟಿ ಜಾಗದಲ್ಲಿ ಒಂದು ಪುಟ ಹಾಕಿ ನೋಡಿದೆ. ಮಿಸ್ಸಿನ ಜೀರ್ಣಾಂಗದ ಚಿತ್ರದ ಮೇಲೆ ಅರೆಬಟ್ಟೆಯ ಹುಡುಗಿಯೊಬ್ಬಳ ಜಾಹೀರಾತು ಬಂದು ಕೂತಿತು. ಮಿಸ್ ಅದನ್ನು ನೋಡಿ, ಇದನ್ನ ಗಂಡುಮಕ್ಕಳು ತುಂಬ ಶ್ರದ್ಧೆಯಿಂದ ಓದುತ್ತಾರೆ ಬಿಡು ಎಂದು ಮುಚ್ಚಿಸಿದರು. ಹೊಸೂರಿನಲ್ಲಿ ಒಬ್ಬರು 'ಅನ್‌ಲಿಮಿಟೆಡ್' ಎಂದು ಬೋರ್ಡು ಹಾಕಿದ್ದರು. ಫೋನು ಮಾಡಿ, ತುಂಬ ಜನ ನೋಡಿದರೆ ಏನು ಮಾಡುತ್ತೀರಿ ಎಂದು ಮೂರು ಸಲ ಕೇಳಿದೆ. ಅನ್‌ಲಿಮಿಟೆಡ್ ಎಂದರೆ ಅನ್‌ಲಿಮಿಟೆಡ್ ಮೇಡಂ ಎಂದು ಮೂರು ಸಲವೂ ಅದೇ ಉತ್ತರ. ಅವರ ಷರತ್ತಿನ ಕಾಗದದ ಕೊನೆಯಲ್ಲಿ ಮಾತ್ರ, ಹೊರೆ ಹೆಚ್ಚಾದರೆ ಮುನ್ಸೂಚನೆ ಇಲ್ಲದೆ ನಿಲ್ಲಿಸಬಹುದು ಎಂದಿತ್ತು. ಮಿತಿ ಇದ್ದರೂ ಅದು ಎಲ್ಲಿದೆ ಎಂದು ನನಗೆ ಗೊತ್ತಿರಬೇಕು. ಕಣ್ಣಿಗೆ ಕಾಣದ ಮಿತಿಯೊಂದರಿಂದ ಈಗಾಗಲೇ ಸಾಕಾಗಿತ್ತು.

ಸೋಮವಾರ ಬೆಂಗಳೂರಿನ ಒಂದು ಚಿಕ್ಕ ಹೋಸ್ಟಿಂಗಿನವರು ಸಿಕ್ಕಿದರು. ತಿಂಗಳಿಗೆ ಐದು ಜಿಬಿ. ನಾಲ್ಕು ಮುಗಿದಾಗ ಮೇಲ್ ಬರುತ್ತದೆ. ಮೀರಿದರೆ ಸೈಟು ಮುಚ್ಚುವುದಿಲ್ಲ, ಮೊದಲು ಫೋನು ಮಾಡುತ್ತಾರೆ. ಹಣವನ್ನು ಹೊಸೂರಿನ ಬ್ಯಾಂಕಿನಲ್ಲೇ ಅವರ ಖಾತೆಗೆ ಕಟ್ಟಬಹುದು. ಅದೆಲ್ಲವನ್ನೂ ಮೇಲಿನಲ್ಲಿ ಬರೆದು ಕಳುಹಿಸಿ ಎಂದೆ, ಹತ್ತು ನಿಮಿಷದಲ್ಲಿ ಕಳುಹಿಸಿದರು. ವರ್ಷದ ಬಾಡಿಗೆ ಮಿಸ್ ಹಿಂದಿನ ವರ್ಷ ಜೆರಾಕ್ಸಿಗೆ ಕೊಟ್ಟದ್ದಕ್ಕಿಂತ ಕಡಿಮೆ ಇತ್ತು. ಸೈಟಿಗೆ ಸ್ವಂತ ಹೆಸರನ್ನೂ ಕೊಂಡುಕೊಳ್ಳಿ ಮಿಸ್ ಎಂದು ಒತ್ತಾಯ ಮಾಡಿದೆ. ಮೂರು ಮನೆ ಬದಲಾಯಿಸಿದವಳಿಗೆ ಗೊತ್ತು, ಪ್ರತಿ ಸಲ ಎಲ್ಲರಿಗೂ ಹೊಸ ವಿಳಾಸ ಹೇಳುವುದು ಎಷ್ಟು ಬೇಸರವೆಂದು. ಹೆಸರು ಸ್ವಂತದ್ದಾದರೆ ಜಾಗ ಎಲ್ಲಿಗೆ ಬದಲಾದರೂ ಮಕ್ಕಳಿಗೆ ವಿಳಾಸ ಅದೇ.

ಬುಧವಾರ ಮಧ್ಯಾಹ್ನ ಮೂರಕ್ಕೆ ಸೈಟು ತೆರೆಯಿತು. ಈ ಒಂದು ಸಲವಾದರೂ ಹೊಸ ವಿಳಾಸ ಎಲ್ಲರಿಗೂ ಹೇಳಲೇಬೇಕಿತ್ತು. ವೆಂಕಿ ಕೆಳಮಂಗಲದಿಂದ ಬಾಗಲೂರಿನವರೆಗೆ ತನಗೆ ಗೊತ್ತಿದ್ದ ಬ್ರೌಸಿಂಗ್ ಸೆಂಟರಿನವರಿಗೆಲ್ಲ ಫೋನು ಮಾಡಿದ. ಗೋಡೆಗೆ ಬರೆದು ಅಂಟಿಸಿ, ಹೋಮ್ ಪೇಜ್ ಮಾತ್ರ ಮಾಡಬೇಡಿ ಎಂದನಂತೆ. ಮಿಸ್ ಹನ್ನೊಂದು ಶಾಲೆಗಳಿಗೆ ಪೋಸ್ಟ್ ಕಾರ್ಡು ಬರೆದರು. ವಿಳಾಸದ ಜೊತೆ, ಅನುಮಾನ ಬಂದರೆ ಈ ನಂಬರಿಗೆ ಸಂಜೆ ಆರರ ಮೇಲೆ ಫೋನು ಮಾಡಬಹುದು ಎಂದು ನಮ್ಮ ಮನೆಯ ನಂಬರು. ಮಿಸ್ ಮನೆಯಲ್ಲಿ ಫೋನಿಲ್ಲ.

ಎರಡು ದಿನ ಪಟ್ಟಿಯಲ್ಲಿ ಏನೂ ಅಲ್ಲಾಡಲಿಲ್ಲ. ಕೌಂಟರನ್ನು ಈ ಸಲ ನಾನು ಹಾಕಿರಲಿಲ್ಲ, ಮಿಸ್ಸೂ ಕೇಳಲಿಲ್ಲ. ಶನಿವಾರ ಕಾರ್ಡುಗಳು ತಲುಪಿದವೆಂದು ಕಾಣುತ್ತದೆ. ಹನ್ನೆರಡು, ಇಪ್ಪತ್ತಾರು, ಐವತ್ತು. ಎಲ್ಲ ನೋಟ್ಸಿನ ಪುಟಗಳೇ, ಬೇರೆ ಬೇರೆ ಕಡೆಯಿಂದ. ಐದು ಜಿಬಿಯಲ್ಲಿ ಕಾಲು ಭಾಗವೂ ಮುಗಿದಿರಲಿಲ್ಲ.

ಸೋಮವಾರ ಸಂಜೆ ಆರೂ ಹತ್ತಕ್ಕೆ ಫೋನು ಬಂತು. ಗುಮ್ಮಳಾಪುರದ ಕಡೆಯ ಹುಡುಗಿ, ಹೆಸರು ಸುಷ್ಮಾ ಅಂತೆ. ನಾನು ಕಿಟಕಿಯಿಂದ ಕೂಗಿದೆ. ಮಿಸ್ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದರು. ಇಪ್ಪತ್ತೆರಡನೇ ಪುಟದ ಹೃದಯದ ಚಿತ್ರದಲ್ಲಿ ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೆಳಗೆ ಬರೆದಿದೆ, ಆದರೆ ಚಿತ್ರದಲ್ಲಿ ಬಾಣಗಳೇ ಇಲ್ಲವಲ್ಲ ಎಂದು ಆ ಹುಡುಗಿ ಕೇಳಿದಳು.

ಬಾಣಗಳನ್ನು ಮಿಸ್ ಕೆಂಪು ಪೆನ್ಸಿಲಿನಲ್ಲಿ ತೆಳ್ಳಗೆ ಹಾಕಿದ್ದರು. ಬಣ್ಣ ತೆಗೆಯುವಾಗ ಅಷ್ಟನ್ನೂ ನಾನು ಅಳಿಸಿಬಿಟ್ಟಿದ್ದೆ.

"ಬಾಣ ಇಲ್ವಾ? ಇರ್ಲಿ, ಪೆನ್ಸಿಲ್ ತಗೊ, ನಾನ್ ಹೇಳ್ತೀನಿ ನೀನ್ ಹಾಕ್ಕೊ. ನಿಮ್ ಕ್ಲಾಸ್ನಲ್ಲಿ ಎಷ್ಟ್ ಜನ ಇದೀರವ್ವ?"

ಹದಿನಾಲ್ಕು ಮಂದಿಯಂತೆ. ಒಬ್ಬಳು ಪ್ರಿಂಟು ತೆಗೆಸಿ, ಉಳಿದವರು ಕೂತು ನಕಲು ಮಾಡಿಕೊಂಡಿದ್ದಾರಂತೆ. ಹದಿನಾಲ್ಕು ಹೃದಯಗಳು, ಒಂದರಲ್ಲೂ ಬಾಣವಿಲ್ಲ. ಮಿಸ್ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ದನಿಯಲ್ಲಿ ಮಾತ್ರ ನಗು ತೋರಿಸಲಿಲ್ಲ. ಬಲಗಡೆ ಮೇಲಿನ ಕೋಣೆಯಿಂದ ಶುರು ಮಾಡಿ ಒಂದೊಂದೇ ಬಾಣ ಹೇಳುತ್ತ ಹೋದರು.

ಅವರು ಹೇಳಿ ಮುಗಿಸುವ ಮೊದಲು ನಾನು ಆ ಪುಟದ ಹಳೆಯ ಬಣ್ಣದ ಚಿತ್ರವನ್ನೇ ಹುಡುಕಿ ಮತ್ತೆ ಏರಿಸಿದೆ. ನೂರು ಕೆಬಿ ತೂಕ. ಆದರೇನು, ಜಾಗ ಬೇಕಾದಷ್ಟಿತ್ತು. ನಾಳೆ ಆ ಪುಟ ಮತ್ತೊಂದು ಸಲ ತೆಗೆದು ನೋಡಿ, ಬಾಣ ಬಂದಿರುತ್ತದೆ ಎಂದು ಹೇಳಿ ಮಿಸ್ ಫೋನು ಇಟ್ಟರು.